ಅಂಕೆಯ ವಿದ್ಯೆ ಯಾರ ಅಂಕೆಯಲ್ಲಿ?

ನಾಲೆಯ ಕೊನೆಭಾಗದಲ್ಲಿ ಎರಡೆಕರೆ ಗದ್ದೆಯಿರುವ ರೈತನಿಗೆ ನೀರು ಬಾರದಿದ್ದರೆ, ಹಿಂದೆ ಅವನು ಹೋಗಿ ಹಿಡಿಯುತ್ತಿದ್ದುದು ನೀರುಗಂಟಿಯನ್ನು. ನೀರುಗಂಟಿಯೇನೂ ದೇವರಾಗಿರಲಿಲ್ಲ. ಮೇಲುಭಾಗದ ಸಾಹುಕಾರನಿಗೆ ರಾತ್ರೋರಾತ್ರಿ ತೂಬೆತ್ತಿ ಕೊಟ್ಟು ಬೆಳಿಗ್ಗೆ ಅಮಾಯಕನಂತೆ ನಿಂತದ್ದೂ ಉಂಟು. ಆದರೂ ಅವನಿಗೊಂದು ಮುಖವಿತ್ತು, ಹೆಸರಿತ್ತು. ಅವನನ್ನು ಊರ ಕಟ್ಟೆಯ ಮುಂದೆ ನಿಲ್ಲಿಸಿ, "ನಿನ್ನೆ ರಾತ್ರಿ ನೀರು ಎಲ್ಲಿ ಹೋಯಿತು?" ಎಂದು ಹತ್ತು ಜನರೆದುರಿಗೆ ಕೇಳಬಹುದಾಗಿತ್ತು.

ಈಗ ತೂಬಿನ ಮೇಲೆ ಮೋಟಾರು ಬಂದಿದೆ. ಮೋಟಾರಿನ ಪಕ್ಕದಲ್ಲಿ ಬೀಗ ಜಡಿದ ಪೆಟ್ಟಿಗೆಯೊಂದು ಬಂದಿದೆ. 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಪ್ರಧಾನ ಮಂತ್ರಿಗಳೇ ಬಂದು ನಾರಾಯಣಪುರ ಎಡದಂಡೆ ನಾಲೆಯ ನವೀಕರಣ ಯೋಜನೆಯನ್ನು ಉದ್ಘಾಟಿಸಿದರು. ಸುಮಾರು 4,700 ಕೋಟಿ ರೂಪಾಯಿ ವೆಚ್ಚ, 10,000 ಕ್ಯೂಸೆಕ್ ಹರಿಯುವ ನಾಲೆ, ನಾಲ್ಕೂವರೆ ಲಕ್ಷ ಹೆಕ್ಟೇರು ಭೂಮಿ. ತೂಬುಗಳನ್ನು ಕೈಯಿಂದಲ್ಲದೆ ಕಂಪ್ಯೂಟರಿನಿಂದ ಎತ್ತಿ ಇಳಿಸುವ ಏರ್ಪಾಡೂ ಅದರಲ್ಲಿ ಸೇರಿದೆ. ನಾವು ಅದನ್ನು ವಿರೋಧಿಸುವವರಲ್ಲ. ಮೇಲುಭಾಗದವರ ದರ್ಪಕ್ಕೆ ಯಂತ್ರ ಲಗಾಮು ಹಾಕುವುದಾದರೆ ಅದಕ್ಕಿಂತ ಸಂತೋಷ ಬೇರೆಯಿಲ್ಲ. ಆದರೆ ನಾಳೆ ಕೊನೆಭಾಗಕ್ಕೆ ನೀರು ಬಾರದಿದ್ದರೆ ರೈತ ಕೇಳುವುದು ಯಾರನ್ನು? ಪೆಟ್ಟಿಗೆಯನ್ನೆ? "ಎಲ್ಲಾ ಕಂಪ್ಯೂಟರಿನಲ್ಲಿದೆ ಸ್ವಾಮಿ" ಎಂಬ ಉತ್ತರವನ್ನು ಬ್ಯಾಂಕಿನಲ್ಲಿ, ಪಡಿತರ ಅಂಗಡಿಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕೇಳಿ ಕೇಳಿ ನಮ್ಮ ಜನರ ಕಿವಿ ಕಿವುಡಾಗಿದೆ. ಇನ್ನು ಅದೇ ಉತ್ತರ ಗದ್ದೆಯ ಬದುವಿಗೂ ಬರಲಿದೆ.

ಆ ಪೆಟ್ಟಿಗೆಯ ಒಳಗೆ ಮಂತ್ರವಿಲ್ಲ, ಒಂದು ವಿದ್ಯೆಯಿದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಅದನ್ನು ಡಿಜಿಟಲ್ ಕಂಟ್ರೋಲ್ ಸಿಸ್ಟಮ್ಸ್ ಎಂಬ ಹೆಸರಿನಿಂದ ಪದವಿಯ ಕೊನೆಯ ವರ್ಷಗಳಲ್ಲಿ ಕಲಿಸುತ್ತಾರೆ. ನಾವು ಅಂಕೀಯ ನಿಯಂತ್ರಣ ಎನ್ನೋಣ. ಅಂಕೆ ಎಂದರೆ ಸಂಖ್ಯೆ. ಅಂಕೆ ಎಂದರೆ ಹತೋಟಿ. ಸಂಖ್ಯೆಯಿಂದ ಹತೋಟಿ ಮಾಡುವ ಈ ವಿದ್ಯೆಗೆ ಇಷ್ಟು ಒಪ್ಪುವ ಮಾತು ಇನ್ನಾವ ಭಾಷೆಯಲ್ಲಿದೆ? ಆದರೆ ಆ ವಿದ್ಯೆಯನ್ನು ಕಲಿಯುತ್ತಿರುವ ನಮ್ಮ ರೈತರ, ಕೂಲಿಗಾರರ, ಗುಮಾಸ್ತರ ಮಕ್ಕಳಿಗೆ ಅದು ನಾಲೆಯ ತೂಬಿನಲ್ಲಿದೆ ಎಂಬ ಸುಳಿವು ಕೂಡ ಇರುವುದಿಲ್ಲ. ಇದು ಅವರ ತಪ್ಪಲ್ಲ. ತಪ್ಪು ಯಾರದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ವಿದ್ಯೆಯ ತಿರುಳು

ಇದರ ಮೂಲತತ್ವ ಬಹಳ ಸರಳ. ಅಳೆ, ಬೇಕಾದುದರೊಡನೆ ಹೋಲಿಸು, ವ್ಯತ್ಯಾಸಕ್ಕೆ ತಕ್ಕಂತೆ ತಿದ್ದು, ಮತ್ತೆ ಅಳೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ತಿರುಗುವ ಎರಡು ಗುಂಡುಗಳನ್ನು ಕಟ್ಟಿ ವೇಗವನ್ನು ಹಿಡಿದಿಟ್ಟದ್ದು ಇದೇ ತತ್ವದಿಂದ. ಆ ಗುಂಡುಗಳು ಕೆಲವೊಮ್ಮೆ ಯಂತ್ರವನ್ನು ಹಿಡಿದಿಡುವ ಬದಲು ತೂಗಾಡಿಸುವುದೇಕೆ ಎಂಬುದನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಲೆಕ್ಕ ಹಾಕಿ ತೋರಿಸಿದ. ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಹತ್ತಿರದ ಖಡಕವಾಸ್ಲಾ ಜಲಾಶಯಕ್ಕೆ ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳೂ ಇದೇ ಜಾತಿಯವು: ನೀರು ಏರಿದರೆ ತಾವೇ ತೆರೆದುಕೊಂಡು, ಇಳಿದರೆ ತಾವೇ ಮುಚ್ಚಿಕೊಳ್ಳುವಂಥವು.

ಕಂಪ್ಯೂಟರು ಬಂದಮೇಲೆ ಒಂದು ವಿಷಯ ಬದಲಾಯಿತು. ವಾಟನ ಗುಂಡು ಎಡೆಬಿಡದೆ ನೋಡುತ್ತದೆ. ಕಂಪ್ಯೂಟರು ಹಾಗಲ್ಲ, ಗೊತ್ತಾದ ಹೊತ್ತಿಗೊಮ್ಮೆ ಕಣ್ಣು ತೆರೆದು ನೋಡಿ, ಅಂಕಿ ಬರೆದುಕೊಂಡು, ಲೆಕ್ಕ ಹಾಕಿ, ಆಜ್ಞೆ ಕೊಟ್ಟು ಮತ್ತೆ ಕಣ್ಣು ಮುಚ್ಚುತ್ತದೆ. ಎರಡು ನೋಟಗಳ ನಡುವೆ ಅದು ಕುರುಡು. ಈ ಕುರುಡುತನದ ಪರಿಣಾಮವೇನೆಂಬುದೇ ಅಂಕೀಯ ನಿಯಂತ್ರಣದ ಮುಖ್ಯ ಪ್ರಶ್ನೆ. 1952ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ರಗಾಜಿನಿ ಮತ್ತು ಜಾದೆ ಎಂಬವರು ಇದಕ್ಕೆ ಝಡ್ ರೂಪಾಂತರವೆಂಬ ಗಣಿತದ ಉಪಕರಣವನ್ನು ಅಣಿಮಾಡಿಕೊಟ್ಟರು. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಒಂದೇ ಕಂಪ್ಯೂಟರು 224 ಅಳತೆಗಳನ್ನು ಓದಿ 129 ಕವಾಟಗಳನ್ನು ನೇರವಾಗಿ ನಡೆಸತೊಡಗಿತು. ಅಲ್ಲಿಂದೀಚೆಗೆ ಕಾರ್ಖಾನೆ, ವಿದ್ಯುದಾಗಾರ, ವಿಮಾನ, ಮೋಟಾರು ಗಾಡಿ, ಕೊನೆಗೆ ಬಟ್ಟೆ ಒಗೆಯುವ ಯಂತ್ರದವರೆಗೂ ಈ ವಿದ್ಯೆ ಹಬ್ಬಿದೆ.

ಇದು ಪಂಡಿತರ ಸೊತ್ತೆಂದು ಹೆದರಬೇಕಾಗಿಲ್ಲ. ನಾಲೆಯ ಉದಾಹರಣೆಯನ್ನೇ ನೋಡಿ. ನೀರಿನ ಮಟ್ಟ ಬೇಕಾದುದಕ್ಕಿಂತ 10 ಅಂಗುಲ ಕಡಿಮೆಯಿದೆ ಎನ್ನೋಣ. ಪೆಟ್ಟಿಗೆ ಗಂಟೆಗೊಮ್ಮೆ ನೋಡುತ್ತದೆ. ಕಂಡ ಕೊರತೆಯ ಅರ್ಧದಷ್ಟನ್ನು ತಿದ್ದು ಎಂದು ಆಜ್ಞೆಯಿದ್ದರೆ ಕೊರತೆ 10, 5, ಎರಡೂವರೆ ಎಂದು ಕರಗುತ್ತದೆ. ಪೂರ್ತಿ ತಿದ್ದು ಎಂದರೆ ಒಂದೇ ಗಂಟೆಯಲ್ಲಿ ಸರಿಹೋಗುತ್ತದೆ. ಆತುರಪಟ್ಟು ಎರಡರಷ್ಟು ತಿದ್ದು ಎಂದರೆ? 10 ಅಂಗುಲ ಕೊರತೆ, ಮುಂದಿನ ಗಂಟೆ 10 ಅಂಗುಲ ಹೆಚ್ಚುವರಿ, ಮತ್ತೆ 10 ಅಂಗುಲ ಕೊರತೆ; ಈ ತೂಗುಯ್ಯಾಲೆಗೆ ಕೊನೆಯೇ ಇಲ್ಲ. ಎರಡೂವರೆಯಷ್ಟು ತಿದ್ದು ಎಂದರೆ 10 ಕೊರತೆ, 15 ಹೆಚ್ಚುವರಿ, ಇಪ್ಪತ್ತೆರಡೂವರೆ ಕೊರತೆ. ನಾಲೆ ಒಡೆಯುವವರೆಗೆ ಬೆಳೆಯುತ್ತಲೇ ಹೋಗುತ್ತದೆ.

ಇನ್ನೊಂದು ತೊಡಕು ಸೇರಿಸೋಣ. ಮೇಲೆ ಬಿಟ್ಟ ನೀರು ಕೆಳಗೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಪೆಟ್ಟಿಗೆ ತಿದ್ದುವುದು ಈಗಿನ ಕೊರತೆಯನ್ನಲ್ಲ, ಒಂದು ಗಂಟೆ ಹಿಂದಿನ ಕೊರತೆಯನ್ನು ಎನ್ನೋಣ. ಪೂರ್ತಿ ತಿದ್ದು ಎಂಬ ಅದೇ ಆಜ್ಞೆ, ಮೊದಲು ಒಂದೇ ಗಂಟೆಯಲ್ಲಿ ಎಲ್ಲವನ್ನೂ ಸರಿಮಾಡಿದ ಆಜ್ಞೆ, ಈಗ ಏನು ಮಾಡುತ್ತದೆ ಗೊತ್ತೆ? 10 ಕೊರತೆ, 10 ಕೊರತೆ, ಸಮ, 10 ಹೆಚ್ಚುವರಿ, 10 ಹೆಚ್ಚುವರಿ, ಸಮ, ಮತ್ತೆ 10 ಕೊರತೆ. ಆರು ಗಂಟೆಗೊಂದು ಸುತ್ತು, ಎಂದೆಂದಿಗೂ. ಅದಕ್ಕಿಂತ ತುಸು ಹೆಚ್ಚು ತಿದ್ದಿದರೂ ತೂಗಾಟ ಬೆಳೆಯುತ್ತದೆ. ಅರ್ಧ ತಿದ್ದಿದರೆ ಮಾತ್ರ ನಿಧಾನವಾಗಿ ಶಾಂತವಾಗುತ್ತದೆ. ಯಾವ ಪಾಪಿಯೂ ನೀರು ಕದಿಯದೆ, ಯಾವ ಅಧಿಕಾರಿಯೂ ಲಂಚ ತಿನ್ನದೆ, ಕೇವಲ ಒಂದು ತಪ್ಪು ಅಂಕೆಯಿಂದ ಕೊನೆಭಾಗದ ಗದ್ದೆ ಒಮ್ಮೆ ಕೊಚ್ಚಿ, ಒಮ್ಮೆ ಒಣಗಬಲ್ಲದು! ಏಳನೆಯ ತರಗತಿಯ ಹುಡುಗಿ ಈ ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ ತೋರಿಸಬಲ್ಲಳು.

ಕಾಲೇಜಿನಲ್ಲಿ ನಡೆಯುವುದೇನು?

ಈ ಜೀವಂತ ವಿದ್ಯೆಯನ್ನು ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ಹೆಣವಾಗಿ ಮಾಡಿ ಮಲಗಿಸಿದ್ದಾರೆ. ಮೊದಲ ದಿನವೇ ಬೋರ್ಡಿನ ಮೇಲೆ ಝಡ್ ರೂಪಾಂತರದ ಕೋಷ್ಟಕ ಬರುತ್ತದೆ. ಬಳಿಕ ಭಿನ್ನರಾಶಿಗಳ ವಿಭಜನೆ, ಬಳಿಕ ಜ್ಯೂರಿಯ ಪಟ್ಟಿ, ಬಳಿಕ ಪರೀಕ್ಷೆ. ಸಮೀಕರಣದ ಮೂಲಗಳು ಏಕಮಾನ ವೃತ್ತದ ಒಳಗಿದ್ದರೆ ವ್ಯವಸ್ಥೆ ಸ್ಥಿರ, ಹೊರಗಿದ್ದರೆ ಅಸ್ಥಿರ ಎಂದು ಬರೆದರೆ ಅಂಕ ಬರುತ್ತದೆ. ಆ ವೃತ್ತದ ಒಳಗಿರುವುದು ರೈತನ ಬೆಳೆ, ಹೊರಗಿರುವುದು ಒಡೆದ ನಾಲೆ ಎಂದು ಯಾರೂ ಹೇಳುವುದಿಲ್ಲ. ವಿದ್ಯಾರ್ಥಿ ಜ್ಯೂರಿಯ ಪಟ್ಟಿಯನ್ನು ನಿದ್ದೆಯಲ್ಲೂ ತುಂಬಬಲ್ಲ. "ಈ ತೊಟ್ಟಿಯ ಮಟ್ಟವನ್ನು ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಏಕೆ?" ಎಂದು ಕೇಳಿ, ಪಾಪ, ನೆಲ ನೋಡುತ್ತಾನೆ. ಗೇಟು ಪೂರ್ತಿ ತೆರೆದ ಮೇಲೆಯೂ ಪೆಟ್ಟಿಗೆ ಇನ್ನೂ ತೆರೆ ಎಂದು ಲೆಕ್ಕ ಕೂಡಿಸುತ್ತಲೇ ಹೋದರೆ, ಮುಚ್ಚಬೇಕಾದಾಗ ಆ ಕೂಡಿಟ್ಟ ಲೆಕ್ಕ ಕರಗುವವರೆಗೆ ಗೇಟು ಇಳಿಯುವುದೇ ಇಲ್ಲ. ಕಾರ್ಖಾನೆಯ ಯಂತ್ರಗಾರನಿಗೆ ದಿನನಿತ್ಯದ ಈ ತೊಂದರೆ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಅಪರಿಚಿತ.

ಗಣಿತ ಬೇಡವೆಂದು ನಾವು ಹೇಳುತ್ತಿಲ್ಲ. ಒಂದು ತೂಬಿನ ಲೆಕ್ಕಕ್ಕೆ ಸ್ಲೇಟು ಸಾಕು; ನೂರು ತೂಬುಗಳು ಒಂದನ್ನೊಂದು ಎಳೆದಾಡುವಾಗ ಝಡ್ ರೂಪಾಂತರವಿಲ್ಲದೆ ದಾರಿಯಿಲ್ಲ. ನಮ್ಮ ದೂರು ಗಣಿತದ ಮೇಲಲ್ಲ, ಗಣಿತವನ್ನು ಭೂಮಿಯಿಂದ ಕಿತ್ತು ಅಂತರದಲ್ಲಿ ನೇತುಹಾಕಿದವರ ಮೇಲೆ.

ಹಣವಿಲ್ಲವೆಂಬ ನೆಪ ಹೇಳಬೇಡಿ. ಇಂದು ಕೆಲವು ನೂರು ರೂಪಾಯಿಗೆ ಸಿಗುವ ಚಿಕ್ಕ ನಿಯಂತ್ರಕ ಚಿಪ್ಪು, ಒಂದು ಬಕೆಟ್ಟು, ಒಂದು ಸಣ್ಣ ಪಂಪು ಇದ್ದರೆ ನಾಲೆಯ ನಮೂನೆ ಸಿದ್ಧ. ಮುಂಬಯಿಯ ಐ.ಐ.ಟಿ.ಯವರು ಒಂದೇ ಹಲಗೆಯ ಮೇಲೆ ಪುಟ್ಟ ಕಾವಲಿ, ಪುಟ್ಟ ಫ್ಯಾನು, ಉಷ್ಣಮಾಪಕಗಳನ್ನು ಕೂಡಿಸಿ, ದೂರದೂರಿನ ವಿದ್ಯಾರ್ಥಿಗಳೂ ಅಂತರ್ಜಾಲದ ಮೂಲಕ ಪ್ರಯೋಗ ಮಾಡುವ ಏರ್ಪಾಡು ಮಾಡಿದ್ದಾರೆ. ಅಲ್ಲಿಯ ಪ್ರೊಫೆಸರ್ ಕಣ್ಣನ್ ಮೌದ್ಗಲ್ಯರು 2007ರಲ್ಲಿ ಈ ವಿಷಯದ ಮೇಲೆಯೇ ಪಠ್ಯಪುಸ್ತಕ ಬರೆದಿದ್ದಾರೆ. ಕಾಸು ಕೊಡದೆ ಬಳಸಬಹುದಾದ ಸೈಲ್ಯಾಬ್ ಎಂಬ ತಂತ್ರಾಂಶವನ್ನು ದೇಶದ ಕಾಲೇಜುಗಳಿಗೆ ತಲುಪಿಸುವ ಕೆಲಸವೂ ಅಲ್ಲಿಂದ ನಡೆದಿದೆ. ದಿಲ್ಲಿಯ ಐ.ಐ.ಟಿ.ಯ ಮದನ್ ಗೋಪಾಲರ ಪುಸ್ತಕವನ್ನು ಓದದ ವಿದ್ಯಾರ್ಥಿ ವಿರಳ. ಅಂದರೆ ಸಾಧನವೂ ಇದೆ, ಪಂಡಿತರೂ ಇದ್ದಾರೆ. ಇಲ್ಲದಿರುವುದು ಮನಸ್ಸು. ಲಕ್ಷಾಂತರ ರೂಪಾಯಿ ಶುಲ್ಕ ಪಡೆದು ಗಾಜಿನ ಕಟ್ಟಡ ಕಟ್ಟುವ ಆಡಳಿತ ಮಂಡಳಿಗಳಿಗೆ ಒಂದು ಬಕೆಟ್ಟು ಕೊಳ್ಳಲು ಬಡತನವೆ?

ಕಲಿಯದಿದ್ದರೆ ಏನಾಗುತ್ತದೆ?

1991ರ ಫೆಬ್ರವರಿ 25ರಂದು ಸೌದಿ ಅರೇಬಿಯದ ಧಹ್ರಾನಿನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಕಾವಲು ಎದುರಿನ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ; 28 ಜನ ಸೈನಿಕರು ಸತ್ತರು. ಕಾರಣವೇನು? ಅದರ ಗಡಿಯಾರ ಸೆಕೆಂಡಿನ ಹತ್ತನೆಯ ಒಂದು ಭಾಗದ ಲೆಕ್ಕದಲ್ಲಿ ಎಣಿಸುತ್ತಿತ್ತು. ಹತ್ತನೆಯ ಒಂದು ಎಂಬ ಸಂಖ್ಯೆ ಕಂಪ್ಯೂಟರಿನ ಎರಡಂಕಿಯ ಬರಹದಲ್ಲಿ ಮುಗಿಯುವುದೇ ಇಲ್ಲ. 24 ಸ್ಥಾನಗಳಿಗೆ ಕತ್ತರಿಸಿ ಇಟ್ಟಿದ್ದರು. ಪ್ರತಿ ಎಣಿಕೆಗೂ ಆದ ತಪ್ಪು ಸೆಕೆಂಡಿನ ಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ಆದರೆ ಯಂತ್ರ ನೂರು ಗಂಟೆ ಬಿಡುವಿಲ್ಲದೆ ನಡೆದಿತ್ತು. ಮೂವತ್ತಾರು ಲಕ್ಷ ಎಣಿಕೆಗಳಲ್ಲಿ ತಪ್ಪು ಬೆಳೆದು ಸುಮಾರು ಸೆಕೆಂಡಿನ ಮೂರನೆಯ ಒಂದು ಭಾಗವಾಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಮುಂದೆ ಹೋಗಿರುತ್ತದೆ. ಕಾವಲಿನ ರೇಡಾರು ಆಕಾಶದಲ್ಲಿ ತಪ್ಪು ಜಾಗವನ್ನು ನೋಡುತ್ತ ಕುಳಿತಿತ್ತು. ಅಂಕಿ ಕತ್ತರಿಸುವುದರಿಂದಾಗುವ ಈ ದೋಷ ನಮ್ಮ ಪಠ್ಯಕ್ರಮದಲ್ಲೂ ಒಂದು ಪಾಠವೇ. ಎಷ್ಟು ಕಡೆ ಅದನ್ನು "ಸಮಯವಿಲ್ಲ" ಎಂದು ಬಿಟ್ಟುಬಿಡುತ್ತಾರೆ!

ಅದು ಅಜ್ಞಾನದ ಫಲ. ಲೋಭದ ಫಲವನ್ನೂ ನೋಡಿ. 2018ರ ಅಕ್ಟೋಬರ್ 29ರಂದು ಇಂಡೋನೇಷ್ಯದಲ್ಲಿ, 2019ರ ಮಾರ್ಚ್ 10ರಂದು ಇಥಿಯೋಪಿಯದಲ್ಲಿ ಬೋಯಿಂಗ್ ಕಂಪೆನಿಯ 737 ಮ್ಯಾಕ್ಸ್ ವಿಮಾನಗಳು ಬಿದ್ದು 346 ಜನ ಸತ್ತರು. ವಿಮಾನದ ಮೂತಿಯನ್ನು ತಾನಾಗಿಯೇ ಕೆಳಕ್ಕೆ ತಳ್ಳುವ ನಿಯಂತ್ರಣವೊಂದನ್ನು ಕಂಪೆನಿ ಅದರಲ್ಲಿ ಸೇರಿಸಿತ್ತು. ಅದು ನಂಬಿದ್ದು ಒಂದೇ ಒಂದು ಮಾಪಕವನ್ನು. ಮಾಪಕ ಸುಳ್ಳು ಹೇಳಿದಾಗ ಅದು ಮತ್ತೆ ಮತ್ತೆ ಮೂತಿಯನ್ನು ತಳ್ಳಿತು. ಎಲ್ಲಕ್ಕಿಂತ ಘೋರವಾದುದು ಇನ್ನೊಂದಿದೆ: ಮೊದಲ ವಿಮಾನ ಬೀಳುವವರೆಗೆ ಅಂಥದೊಂದು ನಿಯಂತ್ರಣ ಇದೆಯೆಂಬುದನ್ನೇ ಚಾಲಕರ ಕೈಪಿಡಿಯಲ್ಲಿ ಹೇಳಿರಲಿಲ್ಲ. ಹೇಳಿದರೆ ಚಾಲಕರಿಗೆ ಹೆಚ್ಚಿನ ತರಬೇತಿ ಕೊಡಬೇಕಾಗುತ್ತಿತ್ತು. ತರಬೇತಿಗೆ ಹಣ ಬೇಕಾಗುತ್ತಿತ್ತು. ವಿಮಾನ ಮಾರಾಟಕ್ಕೆ ಅಡ್ಡಿಯಾಗುತ್ತಿತ್ತು. 2015ರಲ್ಲಿ ಬಯಲಾದ ಫೋಕ್ಸ್‌ವ್ಯಾಗನ್ ಮೋಸವೂ ಇದೇ ಕುಲದ್ದು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತು ಹಿಡಿದಾಗ ಮಾತ್ರ ಹೊಗೆಯನ್ನು ಶುದ್ಧಮಾಡಿ, ರಸ್ತೆಗಿಳಿದಾಗ ವಿಷ ಕಾರುವಂತೆ ಲೆಕ್ಕ ಬರೆದ ಪೆಟ್ಟಿಗೆಗಳು ಸುಮಾರು ಒಂದು ಕೋಟಿ ಹತ್ತು ಲಕ್ಷ ಗಾಡಿಗಳಲ್ಲಿದ್ದವು. ಪೆಟ್ಟಿಗೆ ತಪ್ಪು ಮಾಡಲಿಲ್ಲ. ಧಣಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು.

ಆದ್ದರಿಂದ ಯಂತ್ರ ನಿಷ್ಪಕ್ಷಪಾತಿ ಎಂಬ ಮಾತನ್ನು ನಂಬಬೇಡಿ. ಅಳತೆ ಯಂತ್ರದ್ದು, ಆದರೆ ಬೇಕಾದ ಮಟ್ಟ ಎಷ್ಟೆಂದು ಗೊತ್ತುಮಾಡುವವನು ಮನುಷ್ಯ. ಕೊನೆಭಾಗಕ್ಕೆ ಎಷ್ಟು ನೀರು ಎಂಬುದು ಗಣಿತದ ಪ್ರಶ್ನೆಯಲ್ಲ, ರಾಜಕೀಯದ ಪ್ರಶ್ನೆ. ಅದನ್ನು ಒಂದು ಅಂಕೆಯಾಗಿ ಪೆಟ್ಟಿಗೆಯೊಳಗೆ ಬರೆದು ಬೀಗ ಹಾಕಿದರೆ ಅದು ರಾಜಕೀಯವಲ್ಲವಾಗುವುದಿಲ್ಲ. ಬೀಗದೊಳಗಿನ ರಾಜಕೀಯವಾಗುತ್ತದೆ, ಅಷ್ಟೆ. ಕೇಳಿದರೆ ವ್ಯಾಪಾರದ ಗುಟ್ಟು ಎನ್ನುತ್ತಾರೆ. 2005ರ ಮಾಹಿತಿ ಹಕ್ಕಿನ ಕಾನೂನಿನಲ್ಲಿಯೂ ಆ ನೆಪಕ್ಕೆ ಒಂದು ಕಿಂಡಿ ಬಿಟ್ಟಿದ್ದಾರೆ.

ಮೂರು ಆಕ್ಷೇಪಗಳು

"ಇಂಗ್ಲಿಷಿಲ್ಲದೆ ಈ ವಿದ್ಯೆ ಬಾರದು" ಎಂಬುದು ಮೊದಲನೆಯದು. ಮೇಲಿನ ನಾಲೆಯ ಲೆಕ್ಕವನ್ನು ಓದುಗರು ಯಾವ ಭಾಷೆಯಲ್ಲಿ ಓದಿದರು? ಜಪಾನಿನವರು ಜಪಾನಿಯಲ್ಲಿ, ಜರ್ಮನರು ಜರ್ಮನಿನಲ್ಲಿ ಕಲಿತು ಕಟ್ಟಿದ ಯಂತ್ರಗಳನ್ನೇ ನಾವು ಕೊಂಡು ತರುತ್ತಿದ್ದೇವೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಬೆರಳೆಣಿಕೆಯ ಕಾಲೇಜುಗಳು ಮುಂದೆ ಬಂದವು, ಸೀಟುಗಳು ತುಂಬಲಿಲ್ಲ. "ನೋಡಿ, ಜನರಿಗೇ ಬೇಡ" ಎಂದು ಇಂಗ್ಲಿಷ್ ಭಕ್ತರು ನಕ್ಕರು. ಕೆಲಸ ಕೊಡುವವನು ಇಂಗ್ಲಿಷಿನಲ್ಲಿ ಕೇಳುವಾಗ, ಮೇಲಿನ ಓದೆಲ್ಲ ಇಂಗ್ಲಿಷಿನಲ್ಲಿರುವಾಗ ಯಾವ ಬಡವ ತನ್ನ ಮಗನನ್ನು ಪ್ರಯೋಗಕ್ಕೆ ಒಡ್ಡುತ್ತಾನೆ? ಕಾಲು ಕಟ್ಟಿ ಓಡು ಎಂದು, ಓಡಲಿಲ್ಲವೆಂದು ನಗುವುದು ಯಾವ ನ್ಯಾಯ? ಡಾಕ್ಟರ್ ಲೋಹಿಯಾ ಇಂಗ್ಲಿಷನ್ನು ತೊಲಗಿಸಿ ಎಂದದ್ದು ಇಂಗ್ಲಿಷಿನ ಮೇಲಿನ ದ್ವೇಷದಿಂದಲ್ಲ. ಅದು ಕೆಲವೇ ಜನರ ಕೈಯಲ್ಲಿನ ಕೋಟೆಬಾಗಿಲಿನ ಬೀಗವಾಗಿತ್ತೆಂಬುದಕ್ಕೆ.

"ವಿದ್ಯಾರ್ಥಿಗಳಿಗೇ ಇದು ಬೇಡ, ಎಲ್ಲರೂ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗೆ ಓಡುತ್ತಾರೆ" ಎಂಬುದು ಎರಡನೆಯದು. ಓಡಿಸಿದವರಾರು? ಸಾಲ ಮಾಡಿ ಓದಿದವನು ಸಾಲ ತೀರಿಸುವ ಕಡೆಗೆ ಓಡುತ್ತಾನೆ. ಪಕ್ಕದ ಕಾರ್ಖಾನೆ ಇಂಜಿನಿಯರನ್ನು ಗುತ್ತಿಗೆಯ ಕೂಲಿಯಂತೆ ಇಟ್ಟುಕೊಂಡರೆ ಯಾರು ಅಲ್ಲಿ ನಿಲ್ಲುತ್ತಾರೆ?

ಮೂರನೆಯದು ನಮ್ಮವರದೇ. "ಯಂತ್ರ ಬಂದರೆ ಕೂಲಿ ಹೋಗುತ್ತದೆ, ಈ ವಿದ್ಯೆಯೇ ಶ್ರಮಿಕರ ವೈರಿ" ಎನ್ನುವ ಸಂಗಾತಿಗಳಿದ್ದಾರೆ. ಅವರ ಭಯ ಸುಳ್ಳಲ್ಲ. ನೀರುಗಂಟಿಯ ಮನೆಯ ಒಲೆ ಆರಿದರೆ ಅದನ್ನು ಪ್ರಗತಿಯೆಂದು ಹಾಡಿ ಹೊಗಳುವ ಜಾತಿಯವರು ನಾವಲ್ಲ. ಆದರೆ ಬೈದರೆ ಯಂತ್ರ ಹೋಗುವುದಿಲ್ಲ. ತಿಳಿಯದವನ ಮೇಲೆ ತಿಳಿದವನ ಸವಾರಿ ಇನ್ನೂ ಭದ್ರವಾಗುತ್ತದೆ. 1976ರಲ್ಲಿ ಇಂಗ್ಲೆಂಡಿನ ಲೂಕಸ್ ವಿಮಾನೋಪಕರಣ ಕಾರ್ಖಾನೆಯ ಕಾರ್ಮಿಕರು ಕೆಲಸ ಹೋಗುವ ಬೆದರಿಕೆ ಬಂದಾಗ, ಶಸ್ತ್ರಾಸ್ತ್ರಗಳ ಬದಲು ಸಮಾಜಕ್ಕೆ ಬೇಕಾದ ಸುಮಾರು 150 ವಸ್ತುಗಳ ಯೋಜನೆಯನ್ನು ತಾವೇ ತಯಾರಿಸಿ ಧಣಿಗಳ ಮುಂದಿಟ್ಟರು. ಧಣಿಗಳು ತಿರಸ್ಕರಿಸಿದರು, ಆದರೆ ಕಾರ್ಮಿಕನಿಗೆ ತಲೆಯಿದೆ ಎಂಬುದು ಜಗತ್ತಿಗೆ ಗೊತ್ತಾಯಿತು. ಚಿಲಿಯಲ್ಲಿ ಅಯೆಂದೆಯ ಸಮಾಜವಾದಿ ಸರ್ಕಾರ 1971ರಿಂದ ರಾಷ್ಟ್ರೀಕೃತ ಕಾರ್ಖಾನೆಗಳನ್ನು ಟೆಲೆಕ್ಸ್ ಜಾಲದಿಂದ ಒಂದುಗೂಡಿಸಿ, ಇದೇ ಅಳೆ-ಹೋಲಿಸು-ತಿದ್ದು ತತ್ವದಿಂದ ನಡೆಸಲು ಹೊರಟಿತ್ತು. 1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ದೇಶವನ್ನು ನಿಲ್ಲಿಸಲು ನೋಡಿದಾಗ ಆ ಜಾಲವೇ ಸರಕು ಸಾಗಿಸಲು ನೆರವಾಯಿತು. 1973ರ ಸೆಪ್ಟೆಂಬರ್ 11ರಂದು ಸೈನ್ಯ ಅದನ್ನೂ ಅಯೆಂದೆಯ ಸರ್ಕಾರವನ್ನೂ ಮುಗಿಸಿತು. ವಿದ್ಯೆ ಸೋಲಲಿಲ್ಲ, ಬಂದೂಕು ಗೆದ್ದಿತು.

ಲೋಹಿಯಾ ಸಣ್ಣ ಯಂತ್ರವನ್ನು ಬಯಸಿದ್ದರು. ಹಳ್ಳಿಯ ಕೈಗೆ ಎಟುಕುವ, ಹಳ್ಳಿಯವನೇ ರಿಪೇರಿ ಮಾಡಬಲ್ಲ ಯಂತ್ರವನ್ನು. ಕೆಲವು ನೂರು ರೂಪಾಯಿಯ ನಿಯಂತ್ರಕ ಚಿಪ್ಪು ಆ ಕನಸಿಗೆ ಹತ್ತಿರ ಬಂದಿದೆ. ಚಿಪ್ಪು ಇನ್ನೂ ಹೊರದೇಶದಿಂದ ಬರುವುದು ನಿಜ. ಆದರೆ ಅದರೊಳಗೆ ಬರೆಯುವ ಲೆಕ್ಕವನ್ನೂ ಹೊರಗಿನಿಂದ ಕೊಳ್ಳಬೇಕೆಂದು ಯಾರ ಅಪ್ಪಣೆ?

ನಮ್ಮ ಒತ್ತಾಯಗಳು

1. ಪ್ರತಿಯೊಂದು ಇಂಜಿನಿಯರಿಂಗ್ ಕಾಲೇಜಿನಲ್ಲೂ ಈ ವಿಷಯಕ್ಕೆ ಕೈಕೆಲಸದ ಪ್ರಯೋಗ ಕಡ್ಡಾಯವಾಗಬೇಕು. ತೊಟ್ಟಿ, ಮೋಟಾರು, ಕುಲುಮೆ ಈ ಮೂರನ್ನು ತಾನೇ ಹತೋಟಿಗೆ ತರದ ವಿದ್ಯಾರ್ಥಿ ತೇರ್ಗಡೆಯಾಗಬಾರದು. ಅರ್ಧ ಅಂಕ ಪ್ರಯೋಗಕ್ಕಿರಲಿ.

2. ಕನ್ನಡದಲ್ಲಿ ಪಠ್ಯ ಬೇಕು. ಇಂಗ್ಲಿಷಿನಿಂದ ಮಕ್ಕಿಕಾಮಕ್ಕಿ ಇಳಿಸಿದ್ದಲ್ಲ, ಇಲ್ಲಿಯ ನಾಲೆ, ಪಂಪು, ಗಿರಣಿಗಳಿಂದ ಹುಟ್ಟಿದ ಪಠ್ಯ. ಕನ್ನಡದಲ್ಲಿ ಉತ್ತರ ಬರೆದವರಿಗೆ ಸರ್ಕಾರಿ ಇಂಜಿನಿಯರ್ ಹುದ್ದೆಗಳಲ್ಲಿ ಪಾಲು ಸಿಗಬೇಕು.

3. ಕಾಲೇಜುಗಳು ಮುಕ್ತ ತಂತ್ರಾಂಶವನ್ನೇ ಬಳಸಬೇಕು. ಬಡ ವಿದ್ಯಾರ್ಥಿ ಮನೆಯಲ್ಲಿ ಕಲಿಯಲಾಗದ ಉಪಕರಣವನ್ನು ಕಾಲೇಜಿನಲ್ಲಿ ತೋರಿಸಿ ಪ್ರಯೋಜನವಿಲ್ಲ.

4. ಪಾಲಿಟೆಕ್ನಿಕ್ ಮತ್ತು ಐ.ಟಿ.ಐ.ಗಳಲ್ಲಿ ಕಾರ್ಮಿಕರಿಗೆ, ನೀರುಗಂಟಿಗಳಿಗೆ ಸಂಜೆ ತರಗತಿ ನಡೆಸಬೇಕು. ಯಂತ್ರ ಬಂದ ಕಡೆಯೆಲ್ಲ ಹಳೆಯ ನೀರುಗಂಟಿಯೇ ಹೊಸ ಯಂತ್ರದ ಮೇಲ್ವಿಚಾರಕನಾಗಬೇಕು.

5. ಸಾರ್ವಜನಿಕ ಹಣದಿಂದ ಕೊಂಡ ಪ್ರತಿಯೊಂದು ನಿಯಂತ್ರಣ ಪೆಟ್ಟಿಗೆಯ ಲೆಕ್ಕಕ್ರಮ ಮತ್ತು ಅದರಲ್ಲಿ ಗೊತ್ತುಮಾಡಿದ ಮಟ್ಟಗಳು ನೀರು ಬಳಕೆದಾರರ ಸಹಕಾರ ಸಂಘದ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಬೇಕು. ಅದನ್ನು ಪರಿಶೀಲಿಸಿ ರೈತರ ಸಭೆಗೆ ವಿವರಿಸುವುದು ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಾಗಲಿ.

ಈ ಐದರಲ್ಲಿ ಯಾವುದೂ ಆಕಾಶದ ಚಂದ್ರನಲ್ಲ. ಇಂಜಿನಿಯರಿಂಗ್ ಓದುತ್ತಿರುವ ತರುಣ ತರುಣಿಯರಿಗೆ ಒಂದು ಮಾತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ನಾಲೆಯ ಏರಿಯ ಮೇಲೆ ನಡೆದು ತೂಬಿನ ಬಳಿ ನಿಲ್ಲಿ. ನೀರು ಎಷ್ಟು ಹೊತ್ತಿಗೆ ಎಲ್ಲಿಂದ ಎಲ್ಲಿಗೆ ಮುಟ್ಟುತ್ತದೆಂದು ನೋಡಿ ಬರೆದುಕೊಳ್ಳಿ. ನಿಮ್ಮ ಪುಸ್ತಕದಲ್ಲಿ ಒಣಗಿ ಬಿದ್ದಿರುವ ಸಮೀಕರಣ ಅಲ್ಲಿ ಹರಿಯುತ್ತಿರುತ್ತದೆ. ನಿಮ್ಮ ಅಪ್ಪ ಬಂದು, "ಈ ಪೆಟ್ಟಿಗೆಯೊಳಗೆ ಏನಿದೆ ಮಗಾ?" ಎಂದು ಕೇಳಿದರೆ ಉತ್ತರ ಹೇಳುವ ಶಕ್ತಿ ನಿಮಗಿರಬೇಕು. ಅದನ್ನು ಕೊಡದ ಕಾಲೇಜನ್ನು ಪ್ರಶ್ನಿಸುವ ಕೆಚ್ಚೂ ಇರಬೇಕು.

ಬೀಗದ ಕೈ ಜನರ ಸೊಂಟದಲ್ಲಿರಬೇಕು. ಅಲ್ಲಿಯವರೆಗೆ ಈ ಪತ್ರಿಕೆ ಸುಮ್ಮನಿರುವುದಿಲ್ಲ.